ಬಿದ್ದ ಕಬ್ಬು, ಮಾರಿದ ಶೇರು

ನಮ್ಮ ತಾಂತ್ರಿಕ ಮುಖ್ಯಸ್ಥರು ನನ್ನ ಕೋಣೆಗೆ ಬಂದಾಗ ಊಟದ ಹೊತ್ತು. ವರ್ಕ್‌ಶಾಪಿನ ಸದ್ದು ನಿಂತಿತ್ತು. ಕೂತುಕೊಳ್ಳಿ ಅಂದರೂ ಕೂರದೆ, ಬಾಗಿಲು ಮುಂದಕ್ಕೆಳೆದು ನಿಂತೇ ಕೇಳಿದರು.

"ಮೇಡಂ, ನನ್ನ ಶೇರಲ್ಲಿ ಒಂದು ಭಾಗ ಮಾರ್ಬೇಕು. ಏನೇನು ಮಾಡ್ಬೇಕು ಹೇಳಿ."

ನಾನು ಆ ಕಂಪನಿಯ ಸೆಕ್ರೆಟರಿ, ಕಾನೂನು ಮತ್ತು ಶೇರಿನ ಕಾಗದಪತ್ರ ನೋಡಿಕೊಳ್ಳುವವಳು. ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮ ಕಾರ್ಖಾನೆ. ಮೇವು ಕತ್ತರಿಸುವ ಯಂತ್ರ, ಕಬ್ಬಿನ ಗಾಣ, ಟಿಲ್ಲರಿನ ಬಿಡಿಭಾಗ ಮಾಡಿ ಮಾರುತ್ತಿದ್ದೆವು. ಸಣ್ಣ ಕಂಪನಿಗಳಿಗೆಂದೇ ಶೇರುಪೇಟೆಯಲ್ಲಿರುವ ವಿಭಾಗದಲ್ಲಿ ನಮ್ಮ ಶೇರು ಓಡಾಡುತ್ತಿತ್ತು. ಕಂಪನಿಯ ಒಳಗಿನ ವಿಷಯ ತಿಳಿದವರು ತಮ್ಮ ಶೇರು ಮಾರಬೇಕಾದರೆ ಮೊದಲು ನನ್ನ ಅನುಮತಿ ಪಡೆಯಬೇಕು. ಹೊರಗಿನವರಿಗೆ ಗೊತ್ತಿಲ್ಲದ, ಬೆಲೆ ಏರಿಳಿಸುವಂಥ ವಿಷಯವೇನೂ ತಮಗೆ ಗೊತ್ತಿಲ್ಲವೆಂದು ಬರೆದುಕೊಡಬೇಕು. ಮಾರಿದ ಮೇಲೆ ನನಗೆ ತಿಳಿಸಬೇಕು, ನಾನು ಶೇರುಪೇಟೆಗೆ ತಿಳಿಸಬೇಕು. ಆಮೇಲೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ.

ಅವರು ಕೇಳಿದ ಹೊತ್ತು ಚೆನ್ನಾಗಿರಲಿಲ್ಲ. ಮುಂದಿನ ತಿಂಗಳು ನಮ್ಮ ಸಣ್ಣ ಕಬ್ಬು ಕಟಾವು ಯಂತ್ರದ ಬಿಡುಗಡೆ ಇತ್ತು. ಕಟಾವಿಗೆ ಆಳು ಸಿಗದೆ ಜನ ಹೈರಾಣಾಗಿದ್ದರು. ದೊಡ್ಡ ಯಂತ್ರಗಳು ನಮ್ಮ ಕಡೆಯ ತುಂಡು ಗದ್ದೆಗಳಲ್ಲಿ ತಿರುಗುವುದಿಲ್ಲ. ನಮ್ಮದು ತಿರುಗುತ್ತದೆ ಅಂತ ಹೇಳಿಕೊಂಡಿದ್ದೆವು. ಆ ಮಾತಿನ ಮೇಲೆಯೇ ಶೇರಿನ ಬೆಲೆ ಏರಿತ್ತು. ಯಂತ್ರ ರೂಪಿಸಿದವರು ಎದುರಿಗೆ ನಿಂತಿದ್ದ ಇವರೇ.

ಮಾರಲು ಕಾರಣ ಕೇಳಬೇಕೆಂಬ ನಿಯಮವಿಲ್ಲ. ಆದರೂ ಕೇಳಿದೆ.

"ಮನೆ ತಗೋತಿದೀನಿ ಮೇಡಂ. ಪಾಂಡವಪುರದಲ್ಲಿ ಬಾಡಿಗೆಗಿರೋ ಮನೇನೇ. ಓನರು ಮಾರ್ತಾವ್ರೆ. ನಾನು ತಗೊಳ್ದೆ ಹೋದ್ರೆ ಖಾಲಿ ಮಾಡ್ಬೇಕು."

"ಒಳ್ಳೇದೇ ಅಲ್ವಾ ಸರ್."

"ಒಳ್ಳೇದೇ. ಆದ್ರೆ ವಿಷ್ಯ ನಿಮ್ಮಲ್ಲೇ ಇರ್ಲಿ. ನಾಗಮಂಗಲದಲ್ಲಿ ನಮ್ಮಣ್ಣದೀರು ನಾನು ಊರ ಸೈಟಲ್ಲೇ ಕಟ್ತೀನಿ ಅಂತ ನಂಬ್ಕೊಂಡವ್ರೆ. ರಿಜಿಸ್ಟ್ರಿ ಆದ್ಮೇಲೆ ನಾನೇ ಹೋಗಿ ಹೇಳ್ತೀನಿ."

"ಯಂತ್ರದ ವಿಚಾರದಲ್ಲಿ ಹೊರಗೆ ಹೇಳದೆ ಇರೋದು ಏನಾದ್ರೂ ಇದೆಯಾ?"

"ಏನೂ ಇಲ್ಲ. ಮಿಷನ್ ಚೆನ್ನಾಗೈತೆ."

ಆ ಮಾತು ಹೇಳುವಾಗ ಅವರು ನನ್ನ ಮುಖ ನೋಡಿಯೇ ಹೇಳಿದರು. ಆಮೇಲಿನ ದಿನಗಳಲ್ಲಿ ಆ ನೋಟವನ್ನು ಎಷ್ಟು ಸಲ ನೆನೆಸಿಕೊಂಡೆನೋ. ಬಿಡುಗಡೆಯ ಸುದ್ದಿ ಬಹಿರಂಗವಾಗಿತ್ತು, ಲೆಕ್ಕಪತ್ರ ಹೊರಬಿದ್ದಿತ್ತು, ತಡೆಯಲು ಕಾರಣವಿರಲಿಲ್ಲ. ಅನುಮತಿ ಕೊಟ್ಟೆ.

ಅದೇ ವಾರ ಮಾರಾಟ ವಿಭಾಗದ ಮುಖ್ಯಸ್ಥರೂ ಬಂದರು. ಅವರಿಗೆ ಮನೆಯೂ ಇಲ್ಲ, ತುರ್ತೂ ಇಲ್ಲ. ಬೆಲೆ ಮೇಲಿದೆ, ಒಂದಿಷ್ಟು ಮಾರಿಕೊಳ್ಳುತ್ತೇನೆ ಅಂದರು. ಅವರಿಗೂ ನಿಯಮದಲ್ಲಿ ಅಡ್ಡಿಯಿರಲಿಲ್ಲ. ಸ್ವಲ್ಪ ದಿನ ತಡೆದು ಮಾರಿ ಅಂತ ಬಾಯಿಮಾತಿಗೆ ಹೇಳಿ ನೋಡಿದೆ. "ನನ್ನ ಶೇರು ನಾನು ಮಾರೋಕೆ ಮುಹೂರ್ತ ನೋಡ್ಬೇಕಾ?" ಅಂತ ನಕ್ಕರು. ಎರಡೂ ಮಾರಾಟದ ವಿವರ ಶೇರುಪೇಟೆಗೆ ಕಳಿಸಿದೆ.

ಮಾರನೇ ದಿನದಿಂದಲೇ ಶುರುವಾಯಿತು. ಶೇರಿನ ವಿಚಾರ ಮಾತಾಡುವ ಒಬ್ಬ ಹುಡುಗ ವಿಡಿಯೋ ಮಾಡಿ ಇಬ್ಬರ ಹುದ್ದೆಯನ್ನೂ ಓದಿ, "ಯಂತ್ರ ಕಟ್ಟಿದವರು ಮಾರುತ್ತಿದ್ದಾರೆ, ಯಂತ್ರ ಮಾರಬೇಕಾದವರೂ ಮಾರುತ್ತಿದ್ದಾರೆ, ನೀವು ಯೋಚನೆ ಮಾಡಿ" ಅಂದಿದ್ದ. ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅದೇ ಕಷ್ಟ. ಆ ವಿಡಿಯೋ ಡೇರಿಯವರ ವಾಟ್ಸಾಪ್ ಗುಂಪುಗಳಲ್ಲಿ, ಮೇಷ್ಟ್ರುಗಳ ಗುಂಪುಗಳಲ್ಲಿ ಓಡಾಡಿತು. ಕಾರ್ಖಾನೆ ಕಣ್ಣೆದುರಿಗಿದೆ ಅನ್ನುವ ಧೈರ್ಯದ ಮೇಲೆ ಸುತ್ತಮುತ್ತಲಿನ ಹಳ್ಳಿಯವರು ನಮ್ಮ ಶೇರು ಕೊಂಡಿದ್ದರು. ಅವರಿಗೆ ಬೇರೆ ಯಾವ ಶೇರೂ ಗೊತ್ತಿರಲಿಲ್ಲ.

ನನ್ನ ಮೇಜಿನ ಫೋನು ಸುಮ್ಮನಾಗಲಿಲ್ಲ. ನಾಗಮಂಗಲ ಕಡೆಯ ಹಾಲಿನ ಸೊಸೈಟಿಯ ಕಾರ್ಯದರ್ಶಿಯೊಬ್ಬರು ದಿನಕ್ಕೆರಡು ಸಲ ಮಾಡುತ್ತಿದ್ದರು.

"ಮಿಷನ್ ಮಾಡ್ದೋರೇ ಮಾರ್ಕೊಂಡವ್ರೆ ಅಂದ್ಮೇಲೆ ನಾವ್ಯಾಕಮ್ಮ ಮಡೀಕೊಂಡಿರಾನ?"

"ಸ್ವಂತ ಕಾರಣಕ್ಕೆ ಮಾರಿದ್ದಾರೆ ಸರ್."

"ಏನು ಸ್ವಂತ ಕಾರಣ? ಅದ್ನ ಯೇಳ್ಬುಡಿ, ನಾವು ಸುಮ್ಕಾಯ್ತೀವಿ."

ಒಂದು ಮನೆ ಅಂತ ಹೇಳಿದ್ದರೆ ಅವರು ಸುಮ್ಮನಾಗುತ್ತಿದ್ದರು. ನಮ್ಮ ಎಂ.ಡಿ. ಕೂಡ ತಾಂತ್ರಿಕ ಮುಖ್ಯಸ್ಥರನ್ನು ಕರೆಸಿ, ಕಾರಣ ಹೇಳಿಬಿಡಿ, ಜನರ ಬಾಯಿ ಮುಚ್ಚುತ್ತದೆ ಅಂದರು. ಅವರು ಅಡ್ಡಡ್ಡ ತಲೆಯಾಡಿಸಿದರು. ರಿಜಿಸ್ಟ್ರಿ ಆಗಲಿ ಅಂದರು. ನನಗೂ ಸಿಟ್ಟು ಬಂತು, ಆದರೆ ಅದು ಅವರ ಮನೆಯ ವಿಷಯ.

ಶೇರು ಇಳಿಯುತ್ತಾ ಹೋಯಿತು. ಎಂ.ಡಿ. ಊಟ ಬಿಟ್ಟರು. ಈ ಕಾರ್ಖಾನೆಯನ್ನು ಅವರ ತಂದೆ ಒಂದು ಶೆಡ್ಡಿನಲ್ಲಿ ಶುರು ಮಾಡಿದ್ದು. ಕೊನೆಗೆ, ಬಿಡುಗಡೆಗೆ ಮೊದಲೇ ದೊಡ್ಡ ಹೂಡಿಕೆದಾರರನ್ನು ಗದ್ದೆಗೆ ಕರೆದು ಯಂತ್ರ ಓಡಿಸಿ ತೋರಿಸಿಬಿಡೋಣ ಅಂದರು. ಕೆಲವರಿಗೆ ಮಾತ್ರ ತೋರಿಸುವ ಹಾಗಿಲ್ಲ, ಎಲ್ಲರಿಗೂ ತಿಳಿಸಿ ಎಲ್ಲರನ್ನೂ ಕರೆಯೋಣ ಅಂತ ನಾನು ಹೇಳಿದೆ. ಒಪ್ಪಿದರು. ಪ್ರಕಟಣೆ ಕೊಡುವ ಮೊದಲು ಒಂದು ಸಲ ನಾವೇ ಓಡಿಸಿ ನೋಡೋಣ ಅಂತ ತೀರ್ಮಾನವಾಯಿತು.

ಬೂಕನಕೆರೆ ಹತ್ತಿರ ಒಬ್ಬ ರೈತರ ಗದ್ದೆ ಗೊತ್ತು ಮಾಡಿದ್ದರು. ಎಂ.ಡಿ., ತಾಂತ್ರಿಕ ಮುಖ್ಯಸ್ಥರು, ನಾನು, ಯಂತ್ರ ಓಡಿಸುವವರು ಹೋದೆವು. ಹಿಂದಿನ ವಾರ ಆ ಕಡೆ ಗಾಳಿಮಳೆಯಾಗಿತ್ತು. ಗದ್ದೆಯ ಮೇಲ್ಭಾಗದಲ್ಲಿ ಕಬ್ಬು ನೆಟ್ಟಗೆ ನಿಂತಿತ್ತು. ತಗ್ಗಿನ ಕಡೆ ಒಂದರ ಮೇಲೊಂದು ಬಿದ್ದು ಚಾಪೆಯಾಗಿತ್ತು.

ನೆಟ್ಟಗಿನ ಸಾಲುಗಳಲ್ಲಿ ಯಂತ್ರ ನಡೆದ ರೀತಿ ನೋಡಲು ಚೆಂದವಿತ್ತು. ನೆಲಕ್ಕೆ ಹತ್ತಿಸಿ ಕಡಿಯಿತು, ಸೋಗೆ ಬೇರೆ ಮಾಡಿತು, ಕಬ್ಬನ್ನು ಪಕ್ಕಕ್ಕೆ ಮಲಗಿಸಿತು. ಎಷ್ಟೋ ದಿನದ ಮೇಲೆ ಎಂ.ಡಿ. ಮುಖದಲ್ಲಿ ನಗು ಕಂಡಿತು. ಫೋನಿನಲ್ಲಿ ಚಿತ್ರ ತೆಗೆದುಕೊಂಡರು.

ಆಮೇಲೆ ಯಂತ್ರ ತಗ್ಗಿಗೆ ಇಳಿಯಿತು. ಸದ್ದು ಬದಲಾಯಿತು. ಬಿದ್ದ ಕಬ್ಬು ಮುಂಭಾಗಕ್ಕೆ ಸುತ್ತಿಕೊಂಡಿತು, ಇಂಜಿನ್ನು ತಿಣುಕಾಡಿತು, ಹಿಂದೆ ನೋಡಿದರೆ ಕಬ್ಬಿನ ಜೊತೆ ಬುಡವೂ ಬೇರೂ ಮಣ್ಣುಸಮೇತ ಎದ್ದು ಬಂದಿದ್ದವು.

ಬದುವಿನ ಮೇಲೆ ನಿಂತಿದ್ದ ಗದ್ದೆಯ ಯಜಮಾನರು ಕೈಯೆತ್ತಿದರು. "ನಿಲ್ಸಿ ಸ್ವಾಮಿ, ನಿಲ್ಸಿ. ಬುಡವೇ ಕಿತ್ಕೊಂಡು ಬತ್ತಾ ಅದೆ. ಇನ್ನು ಕೂಳೆ ಯಾವ್ದ್ರಲ್ಲಿ ಬಂದಾತು?"

ಕಬ್ಬು ಕಡಿದ ಮೇಲೆ ಅದೇ ಬುಡದಿಂದ ಮುಂದಿನ ಬೆಳೆ ಚಿಗುರಬೇಕು. ಅದೇ ಕೂಳೆ. ಬುಡ ಕಿತ್ತರೆ ಮುಂದಿನ ಬೆಳೆಯೇ ಇಲ್ಲ. ನಮ್ಮ ಕಡೆ ಗಾಳಿಮಳೆಗೆ ಕಬ್ಬು ಬೀಳದ ವರ್ಷವೂ ಇಲ್ಲ.

ತಾಂತ್ರಿಕ ಮುಖ್ಯಸ್ಥರು ಕೆಸರಿನಲ್ಲಿ ಮಂಡಿಯೂರಿ ಕೂತು ಮಣ್ಣಿನೊಳಕ್ಕೆ ಕೈ ಹಾಕಿ ನೋಡಿದರು. ಅಲಗಿನ ಎತ್ತರ ಬದಲಿಸಿದರು. ವೇಗ ಕಮ್ಮಿ ಮಾಡಿಸಿದರು. ಇನ್ನೊಂದು ಸಾಲಿಗೆ ಬಿಟ್ಟರು. ಅದೇ ಆಯಿತು. ಬಿದ್ದ ಕಬ್ಬನ್ನು ಮೊದಲು ಎತ್ತಿ ನಿಲ್ಲಿಸಿ ಆಮೇಲೆ ಅಲಗಿಗೆ ಕೊಡಬೇಕು, ಮುಂಭಾಗವನ್ನೇ ಹೊಸದಾಗಿ ಮಾಡಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ ಅಂದರು.

ಎಂ.ಡಿ. ಕಾರಿನ ಕಡೆ ಹೋದ ಮೇಲೆ ನಾನು ಕೇಳಲೇಬೇಕಾದ್ದನ್ನು ಕೇಳಿದೆ. "ಸರ್, ನಿಮಗೆ ಇದು ಮೊದಲೇ ಗೊತ್ತಿತ್ತಾ?"

ಅವರು ಕೈಯ ಕೆಸರನ್ನು ಹುಲ್ಲಿಗೆ ಒರೆಸಿಕೊಂಡರು. "ನಾವು ಪರೀಕ್ಷೆ ಮಾಡಿದ್ದೆಲ್ಲ ನಿಂತ ಕಬ್ಬಲ್ಲಿ ಮೇಡಂ. ಬಿದ್ದ ಕಬ್ಬಲ್ಲಿ ಓಡಿಸೇ ಇರ್ಲಿಲ್ಲ. ಓಡಿಸ್ಬೇಕಿತ್ತು. ಅದು ನನ್ನ ತಪ್ಪೇ. ಆದ್ರೆ ಗೊತ್ತಿದ್ದು ಮಾರ್ದೆ ಅಂತ ಮಾತ್ರ ಅನ್ಬೇಡಿ."

ನಾನು ನಂಬಿದೆ. ಆದರೆ ನಾನು ನಂಬಿದ್ದನ್ನು ಯಾರ ಮುಂದಾದರೂ ಸಾಬೀತು ಮಾಡು ಅಂದಿದ್ದರೆ ನನ್ನ ಹತ್ತಿರ ಏನೂ ಇರಲಿಲ್ಲ. ನಿಯಮದಂತೆ, ಆ ಗದ್ದೆಯಲ್ಲಿದ್ದು ವಿಷಯ ತಿಳಿದವರ ಹೆಸರನ್ನೆಲ್ಲ ಬರೆದುಕೊಂಡೆ. ಗದ್ದೆಯ ಯಜಮಾನರ ಹೆಸರನ್ನೂ ಬರೆದೆ. ಎಲ್ಲಕ್ಕಿಂತ ಮೇಲೆ ನನ್ನದು.

ವಾಪಸ್ಸು ಬರುವಾಗ ಕಾರಿನಲ್ಲಿ ಎಂ.ಡಿ. ಹೇಳಿದರು. "ಬಿಡುಗಡೆ ನಿಂತ ಕಬ್ಬಲ್ಲಿ ಮಾಡೋಣ. ಆರ್ಡರ್ ಬರ್ಲಿ. ಮುಂಭಾಗ ಆಮೇಲೆ ಬದಲಾಯಿಸಿ ಕೊಡೋಣ. ಈಗ ಬಾಯಿ ಬಿಟ್ರೆ ಕಂಪನೀನೇ ಉಳಿಯಲ್ಲ."

"ಸರ್, ಹಾಗೆ ಮಾಡೋಕಾಗಲ್ಲ. ಇದನ್ನ ಹೊರಗೆ ಹೇಳಬೇಕು."

"ಬೆಳಿಗ್ಗೆ ಮಾತಾಡೋಣ," ಅಂದು ಕಿಟಕಿಯ ಕಡೆ ತಿರುಗಿದರು.

ಮನೆಗೆ ಬಂದು ಕಾಫಿಗೆ ಇಟ್ಟಿದ್ದೆ, ಚಿಕ್ಕಪ್ಪನ ಫೋನು ಬಂತು. ಚಿಕ್ಕಪ್ಪ ಅಂದರೆ ನಮ್ಮಪ್ಪನ ತಮ್ಮ. ಊರಲ್ಲಿ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾರೆ. ನಮ್ಮ ಶೇರು ಕೊಂಡ ದಿನ, ನಾನು ಅಲ್ಲಿ ಕೆಲಸ ಮಾಡುತ್ತೇನೆ ಅನ್ನುವುದೊಂದೇ ಕಾರಣ ಅಂತ ಊರಿಗೆಲ್ಲ ಹೇಳಿದ್ದರು.

"ಅಮ್ಮಿ, ಶೇರು ಪೂರ್ತಿ ಬಿದ್ದೋಗದಲ್ಲ."

"ಹೌದು ಚಿಕ್ಕಪ್ಪ."

"ಎಲ್ರೂ ಮಾರ್ತಾವ್ರೆ. ನಾನು ಇನ್ನೊಂದಷ್ಟು ತಗೊಳಾನ ಅಂತಿವ್ನಿ. ಬಿಡುಗಡೆ ಆದ್ಮೇಲೆ ಏರ್ತದಲ್ವಾ. ಏನಂತೀಯ?"

ಒಲೆ ಆರಿಸಿದೆ. "ನನ್ನ ಕೇಳಬೇಡಿ ಚಿಕ್ಕಪ್ಪ. ನಾನು ಏನೂ ಹೇಳೋ ಹಾಗಿಲ್ಲ."

"ತಗೋ ಅಂತ ಯೇಳ್ಬ್ಯಾಡ. ಬ್ಯಾಡ ಅನ್ನೋದಿದ್ರೆ ಬ್ಯಾಡ ಅನ್ನು, ಸಾಕು."

"ಅದನ್ನೂ ಹೇಳೋ ಹಾಗಿಲ್ಲ."

ಚಿಕ್ಕಪ್ಪ ನಕ್ಕರು. "ಆಯ್ತು ಬುಡು, ಗೊತ್ತಾಯ್ತು. ಕೆಟ್ಟದ್ದಿದ್ರೆ ನೀನು ಬ್ಯಾಡ ಅಂದೇ ಅಂತಿದ್ದೆ. ಅಣ್ಣನ ಮಗಳು ಅಷ್ಟೂ ಯೇಳಾಕಿಲ್ವಾ?"

"ಚಿಕ್ಕಪ್ಪ, ನಾನು ಹೇಳಲಿಲ್ಲ ಅನ್ನೋದಕ್ಕೆ ಯಾವ ಅರ್ಥಾನೂ ಮಾಡ್ಕೋಬೇಡಿ."

"ಇಲ್ಲ ಇಲ್ಲ. ಹಸ ಕೂಗ್ತಾ ಅದೆ, ಮಡಗ್ತೀನಿ," ಅಂದು ಇಟ್ಟುಬಿಟ್ಟರು.

ಫೋನು ಹಿಡಿದುಕೊಂಡು ಅಡುಗೆಮನೆಯಲ್ಲೇ ನಿಂತೆ. ಬೇಡ ಅನ್ನುವ ಎರಡಕ್ಷರ ಸಾಕಿತ್ತು. ಅದನ್ನು ಹೇಳಿದರೆ ಅಪರಾಧ. ಸಿಕ್ಕಿಬೀಳುತ್ತೇನೆಂಬ ಭಯ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ, ಆದರೆ ಅದೊಂದೇ ಅಲ್ಲ. ನಾಗಮಂಗಲದ ಆ ಸೊಸೈಟಿಯವರಿಗೆ ಯಾವ ಅಣ್ಣನ ಮಗಳೂ ನಮ್ಮ ಆಫೀಸಿನಲ್ಲಿರಲಿಲ್ಲ. ಅವರಿಗೆ ಹೇಳದ್ದನ್ನು ಇವರಿಗೆ ಹೇಗೆ ಹೇಳಲಿ? ಉಳಿದದ್ದು ಒಂದೇ ದಾರಿ. ಬೆಳಿಗ್ಗೆ ಮಾರುಕಟ್ಟೆ ತೆರೆಯುವ ಮೊದಲು ಎಲ್ಲರಿಗೂ ಒಟ್ಟಿಗೆ ತಿಳಿಯಬೇಕು. ಅಲ್ಲಿಯವರೆಗೆ ಮಾರುಕಟ್ಟೆ ಮುಚ್ಚಿರುತ್ತದೆ, ಚಿಕ್ಕಪ್ಪ ಕೊಳ್ಳಲಾರರು ಅಂತ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಎಂ.ಡಿ.ಗೆ ಫೋನು ಮಾಡಿ, ಬೆಳಿಗ್ಗೆ ಬೇಗ ನಿರ್ದೇಶಕರ ಸಭೆ ಕರೆಯಬೇಕು ಅಂದೆ. "ಕರೀರಿ," ಅಂದರು.

ನಾನು ಆಫೀಸಿಗೆ ಹೋದಾಗ ಗೇಟಿನವನು ಇನ್ನೂ ಬೀಗ ತೆಗೆಯುತ್ತಿದ್ದ. ಎಂ.ಡಿ. ಮತ್ತು ತಾಂತ್ರಿಕ ಮುಖ್ಯಸ್ಥರು ಬಂದರು, ಹೊರಗಿನ ನಿರ್ದೇಶಕರು ವಿಡಿಯೋದಲ್ಲಿ ಸೇರಿಕೊಂಡರು. ಎಂ.ಡಿ. ಯಂತ್ರದ ದೋಷವನ್ನು ಸಣ್ಣಪುಟ್ಟ ರಿಪೇರಿ ಅಂತ ಕರೆದರು. ನಾನು ನೋಡಿದ್ದನ್ನು ನೋಡಿದ ಹಾಗೇ ಹೇಳಿದೆ.

"ಸರ್, ಆ ಗದ್ದೆಯವರು ನಿನ್ನೆ ಸಂಜೆ ಟೀ ಅಂಗಡೀಲಿ ಕೂತು ಹೇಳೇ ಹೇಳಿರ್ತಾರೆ. ಹೇಳಬೇಡಿ ಅನ್ನೋಕೆ ನಮಗೇನು ಹಕ್ಕಿದೆ? ಇವತ್ತು ಬೂಕನಕೆರೆಯವರು ತಿಳಿದು ಮಾರ್ತಾರೆ. ಬೇರೆಯವರು ತಿಳೀದೆ ಕೊಳ್ತಾರೆ."

"ನಿಮಗೇನಮ್ಮ," ಅಂದರು ಎಂ.ಡಿ. ಅವರ ದನಿ ಏರಿರಲಿಲ್ಲ. "ನಾಳೆ ಇನ್ನೊಂದು ಕಂಪನಿಗೆ ಹೋಗ್ತೀರ. ನಾನೆಲ್ಲಿಗೆ ಹೋಗ್ಲಿ?"

"ಈ ಪ್ರಕಟಣೆಗೆ ಸಹಿ ಹಾಕೋಳು ನಾನು ಸರ್. ಇದನ್ನ ಮುಚ್ಚಿಟ್ಟು ಬಿಡುಗಡೆ ಮಾಡೋದಾದ್ರೆ ಸಹಿಗೆ ಬೇರೆಯವರನ್ನ ನೋಡ್ಕೊಳ್ಳಿ," ಅಂದೆ. ಇದು ಕಾನೂನಿಗಾಗಿಯೋ ಚಿಕ್ಕಪ್ಪನಿಗಾಗಿಯೋ ಅನ್ನುವ ಪ್ರಶ್ನೆ ಆಗಲೇ ಮನಸ್ಸಿನಲ್ಲಿತ್ತು. ಎರಡನ್ನೂ ಬಿಡಿಸಿ ನೋಡುವಷ್ಟು ಹೊತ್ತಿರಲಿಲ್ಲ.

ಕೊನೆಗೆ ಮಾತಾಡಿದವರು ತಾಂತ್ರಿಕ ಮುಖ್ಯಸ್ಥರು. "ಬರೀರಿ ಮೇಡಂ. ಬಿಡುಗಡೆ ಮುಂದೂಡಿ. ಹಿಂಗೇ ಮಾರುದ್ರೆ ಕಬ್ಬಿನ ಬುಡ ಕಿತ್ತ ಪಾಪ ನಮ್ಮದು."

"ನೀವು ಶೇರು ಮಾರಿದ್ದಕ್ಕೂ ಇದಕ್ಕೂ ಸೇರಿಸಿ ಓದ್ತಾರೆ ಕಣ್ರೀ," ಅಂದರು ಎಂ.ಡಿ.

"ಓದ್ಲಿ ಸರ್."

ನಿರ್ದೇಶಕರು ಒಪ್ಪಿದರು. ಪ್ರಕಟಣೆಯನ್ನು ಸುತ್ತುಬಳಸದೆ ಬರೆದೆ. ಬಿದ್ದ ಕಬ್ಬಿನಲ್ಲಿ ಯಂತ್ರ ಬುಡ ಕೀಳುತ್ತದೆ, ಮುಂಭಾಗ ಹೊಸದಾಗಿ ಮಾಡಬೇಕು, ಬಿಡುಗಡೆ ಮುಂದಕ್ಕೆ ಹೋಗಿದೆ, ಹೊಸ ದಿನ ಗೊತ್ತಾಗಿಲ್ಲ. ಒಳಗಿನವರು ಯಾರೂ ಶೇರು ಮುಟ್ಟಬಾರದೆಂದು ಸೂಚನೆ ಕಳಿಸಿದೆ. ಮಾರುಕಟ್ಟೆ ತೆರೆಯಲು ಇನ್ನೂ ಸ್ವಲ್ಪ ಹೊತ್ತಿರುವಾಗ ಪ್ರಕಟಣೆ ಶೇರುಪೇಟೆಯ ಪುಟದಲ್ಲಿ ಕಾಣಿಸಿತು. ಕುರ್ಚಿಗೆ ಒರಗಿಕೊಂಡೆ.

ಮಾರುಕಟ್ಟೆ ತೆರೆಯುತ್ತಿದ್ದ ಹಾಗೆ ಬೆಲೆ, ನಿಯಮದ ಪ್ರಕಾರ ಒಂದು ದಿನದಲ್ಲಿ ಎಷ್ಟು ಬೀಳಬಹುದೋ ಅಷ್ಟೂ ಬಿದ್ದು ನಿಂತುಬಿಟ್ಟಿತು. ಮಾರುವವರ ಸಾಲು, ಕೊಳ್ಳುವವರಿಲ್ಲ. ತೀರಾ ಕಮ್ಮಿ ಶೇರು ಮಾತ್ರ ಕೈ ಬದಲಾಗಿತ್ತು. ಇಂಥ ಹೊತ್ತಿನಲ್ಲಿ ಕೊಂಡವರು ಯಾರಪ್ಪ ಅಂತ ನಾನು ಪರದೆ ನೋಡುತ್ತಿದ್ದಾಗ ಚಿಕ್ಕಪ್ಪನ ಫೋನು.

"ತಗೊಂಡ್ಬುಟ್ಟೆ ಕಣವ್ವ."

"ಯಾವಾಗ ಚಿಕ್ಕಪ್ಪ? ಈಗ ತಾನೇ ತೆರೆದಿದ್ದು."

"ನೆನ್ನೆ ಸಂಜೆನೇ ಬ್ರೋಕರ್‌ಗೆ ಯೇಳಿದ್ದೆ. ಸಂಜೆ ಯೇಳುದ್ರೆ ಬೆಳಿಗ್ಗೆ ಮೊದ್ಲು ನಮ್ಮದೇ ಓಯ್ತದೆ ಅಂತಂದ. ಅಂಗೇ ಬಂದದೆ. ಆಮೇಲೆ ಅವನೇ ಫೋನ್ ಮಾಡಿ, ಇಂಗಿಂಗೆ ಸುದ್ದಿ ಬಂದದೆ ಅಂತಂದ."

ನನಗೆ ಇದು ಹೊಳೆಯಬೇಕಿತ್ತು. ಮಾರುಕಟ್ಟೆ ಮುಚ್ಚಿದ ಮೇಲೂ ಮರುದಿನಕ್ಕೆ ಆದೇಶ ಕೊಟ್ಟಿಡಬಹುದು. ಅದನ್ನು ಬೇರೆಯವರಿಗೆ ಪಾಠ ಮಾಡುವವಳು ನಾನು.

"ನೆನ್ನೆ ನಾನು ಕೇಳ್ದಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಆ ಕಡೆ ಹಾಲಿನ ಕ್ಯಾನಿನ ಮುಚ್ಚಳದ ಸದ್ದು ಕೇಳಿಸಿತು. ಆಮೇಲೆ ಫೋನು ನಿಂತಿತು.

ಬೆಲೆ ಇನ್ನೂ ಕೆಲವು ದಿನ ಬೀಳುತ್ತಲೇ ಇತ್ತು. ಮುಂದಿನ ತಿಂಗಳುಗಳು ಪತ್ರ ಬರೆಯುವುದರಲ್ಲೇ ಹೋದವು. ಶೇರುಪೇಟೆಯವರು ಎರಡೂ ಮಾರಾಟದ ಬಗ್ಗೆ ವಿವರಣೆ ಕೇಳಿದರು. ತಾಂತ್ರಿಕ ಮುಖ್ಯಸ್ಥರು ಮನೆಯ ಕರಾರು, ಬ್ಯಾಂಕಿನ ಕಾಗದ ಎಲ್ಲ ತಂದುಕೊಟ್ಟರು. ಅವರು ತಾವೇ ಹೋಗಿ ಹೇಳುವ ಮೊದಲೇ ಅಣ್ಣಂದಿರಿಗೆ ಮನೆಯ ಸುದ್ದಿ ಯಾರಿಂದಲೋ ತಲುಪಿತ್ತು. ದೊಡ್ಡಣ್ಣ ಕಾರ್ಖಾನೆಯ ಗೇಟಿನವರೆಗೆ ಬಂದು, ಒಳಕ್ಕೆ ಬನ್ನಿ ಅಂದರೂ ಬರದೆ, "ನಮ್ಗೆ ಯೇಳಾಕೆ ಏನಾಗಿತ್ಲಾ ನಿಂಗೆ?" ಅಂತ ಅಷ್ಟೇ ಕೇಳಿ ಹೊರಟುಹೋದರಂತೆ. ಗೃಹಪ್ರವೇಶಕ್ಕೆ ತಾಂತ್ರಿಕ ಮುಖ್ಯಸ್ಥರು ನನ್ನನ್ನೂ ಕರೆದರು. ವಿಚಾರಣೆ ಮುಗಿಯುವವರೆಗೆ ನಾನು ಹೋಗುವುದು ಸರಿಕಾಣುವುದಿಲ್ಲ ಅಂದೆ. "ಗೊತ್ತು ಮೇಡಂ, ಆದ್ರೂ ಕರೀಬೇಕಲ್ಲ," ಅಂದರು.

ವಿಚಾರಣೆ ಯಾವ ಕ್ರಮವೂ ಇಲ್ಲದೆ ಮುಗಿಯಿತು. ಅಷ್ಟರಲ್ಲಿ ಅವರು ಯಂತ್ರದ ಮುಂಭಾಗಕ್ಕೆ ಸುರುಳಿಯಂತೆ ತಿರುಗುವ ಎರಡು ಕೊಳವೆ ಕೂರಿಸಿ, ಬಿದ್ದ ಕಬ್ಬನ್ನು ಎತ್ತಿ ಅಲಗಿಗೆ ಕೊಡುವ ಹಾಗೆ ಮಾಡಿದ್ದರು. ಎಲ್ಲಿ ಗಾಳಿಗೆ ಕಬ್ಬು ಬಿದ್ದಿದೆ ಅಂತ ವಿಚಾರಿಸಿಕೊಂಡು ಅಲ್ಲಿಗೇ ಹೋಗಿ ಓಡಿಸುತ್ತಿದ್ದರು. ಯಂತ್ರ ಕೊನೆಗೆ ಬಿಡುಗಡೆಯಾದದ್ದು ಅಬ್ಬರವಿಲ್ಲದೆ. ಶೇರು ಚೇತರಿಸಿಕೊಂಡಿತು, ಹಳೆಯ ಎತ್ತರಕ್ಕಂತೂ ಬರಲಿಲ್ಲ.

ಚಿಕ್ಕಪ್ಪ ಮಾತ್ರ ಫೋನು ಮಾಡಲಿಲ್ಲ. ನಾನು ಮಾಡಿದರೆ ಚಿಕ್ಕಮ್ಮ ಎತ್ತಿ, ಅವರು ಕೊಟ್ಟಿಗೇಲವ್ರೆ ಅನ್ನುತ್ತಿದ್ದರು.

ಆ ವರ್ಷದ ಶೇರುದಾರರ ಸಭೆಯನ್ನು ಪಾಂಡವಪುರದ ಒಂದು ಸಮುದಾಯ ಭವನದಲ್ಲಿ ಇಟ್ಟುಕೊಂಡಿದ್ದೆವು. ವೇದಿಕೆಯ ಒಂದು ಬದಿಯಲ್ಲಿ ನಾನು ಕೂತಿದ್ದೆ. ನಾಗಮಂಗಲದ ಸೊಸೈಟಿಯ ಕಾರ್ಯದರ್ಶಿ ಎದ್ದರು. ಫೋನಿನಲ್ಲಿ ಕೇಳಿದ್ದ ದನಿಗೆ ಆವತ್ತು ಮುಖ ಸಿಕ್ಕಿತು.

"ಒಳಗಿರೋರು ತಂತಮ್ಮ ನೆಂಟ್ರಿಗೆಲ್ಲ ಮೊದ್ಲೇ ಯೇಳಿ ಬಚಾವ್ ಮಾಡ್ಕೊಂಡಿರ್ತಾರೆ. ಸತ್ತೋರು ನಾವು," ಅಂದರು.

ಸಭೆಯಲ್ಲಿ ಗುಜುಗುಜು. ನಾನು ಉತ್ತರ ಹೇಳಲು ಮೈಕಿಗೆ ಕೈ ಹಾಕಿದೆ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಚಿಕ್ಕಪ್ಪ ಎದ್ದು ನಿಂತಿದ್ದರು. ಅವರು ಬಂದಿರುವುದೇ ನನಗೆ ಗೊತ್ತಿರಲಿಲ್ಲ.

"ಅಂಗನ್ಬ್ಯಾಡಿ. ಅಲ್ಲಿ ಕುಂತದಲ್ಲ ಆ ಯಮ್ಮ, ನಮ್ಮಣ್ಣನ ಮಗಳು. ಅದಕ್ಕೆ ಗೊತ್ತಿತ್ತು. ಹಿಂದ್ಲ ದಿನ ಸಂಜೆ ನಾನು ಬಾಯಿಬಿಟ್ಟು ಕೇಳ್ದೆ. ಯೇಳ್ನಿಲ್ಲ. ಬೆಳಿಗ್ಗೆ ತಗೊಂಡು ಕೈ ಸುಟ್ಕೊಂಡೆ. ಇಲ್ಲೇ ಇವ್ನಿ ನೋಡಿ."

ಹೇಳಿ ಕೂತುಬಿಟ್ಟರು. ಅದರಲ್ಲಿ ಮೆಚ್ಚುಗೆಯಿತ್ತೋ ದೂರಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಸೊಸೈಟಿಯವರು ಒಂದು ಸಲ ಅವರ ಕಡೆ, ಒಂದು ಸಲ ನನ್ನ ಕಡೆ ನೋಡಿ, ನಿಧಾನವಾಗಿ ಕೂತರು. ನಾನು ಮೈಕು ಕೆಳಗಿಟ್ಟೆ.

ಊಟದಲ್ಲಿ ಚಿಕ್ಕಪ್ಪ ಎಲೆ ಹುಡುಕಿಕೊಂಡು ನನ್ನ ಪಕ್ಕದಲ್ಲೇ ಬಂದು ಕೂತರು. ಸಾರನ್ನ ಮುಗಿಸಿದರು. ಮಜ್ಜಿಗೆ ಬಂದಾಗ, ನನ್ನ ಕಡೆ ನೋಡದೆಯೇ ಹೇಳಿದರು.

"ಶೇರು ಮಾರಾಕಿಲ್ಲ. ಇರ್ಲಿ. ಆದ್ರೆ ಇನ್ಮೇಲೆ ನಿನ್ನ ಏನೂ ಕೇಳಾಕಿಲ್ಲ ಕಣವ್ವ."

"ಆಯ್ತು ಚಿಕ್ಕಪ್ಪ," ಅಂದೆ.

ನನಗೆ ಬೇಕಾಗಿದ್ದದ್ದು ಅದೇ. ಅವರು ಮಾತಿಗೆ ತಪ್ಪಲಿಲ್ಲ. ಈಗ ಊರಿಗೆ ಹೋದರೆ ಹಸುವಿನ ವಿಚಾರ, ನಾಲೆಗೆ ನೀರು ಬಿಟ್ಟ ವಿಚಾರ, ಮಕ್ಕಳ ಓದಿನ ವಿಚಾರ ಎಲ್ಲ ಮಾತಾಡುತ್ತೇವೆ. ನನ್ನ ಕೆಲಸದ ವಿಷಯ ಬಂದ ಕೂಡಲೇ ಚಿಕ್ಕಪ್ಪ ಏನೋ ನೆನಪಾದವರಂತೆ ಎದ್ದು ಕೊಟ್ಟಿಗೆಯ ಕಡೆ ಹೋಗುತ್ತಾರೆ, ನಾನೂ ಚಿಕ್ಕಮ್ಮನೂ ಅವರು ವಾಪಸ್ಸು ಬರುವವರೆಗೆ ಜಗುಲಿಯಲ್ಲಿ ಕೂತಿರುತ್ತೇವೆ.